ಹಗ್ಗಾ ಇನ್ಶಿರಾಹರ ಮಂಡಿ ಮತ್ತು ಮಾರೂಫನ ಮೀನು

"ಮನೇಲಿರೋ ಔಷಧಿ ಎಲ್ಲಾ ತಗೊಂಡು ಬನ್ನಿ" ಎಂದು ಅರಿವಳಿಕೆಯ ಡಾಕ್ಟರು ನಿವೀನ್ ಫೋನಿನಲ್ಲಿ ಹೇಳಿದ್ದರು. ಹಗ್ಗಾ ಇನ್ಶಿರಾಹ್ ಮಾತಿಗೆ ತಪ್ಪುವವರಲ್ಲ. ಎಲ್ಲವನ್ನೂ ತಂದರು. ಬುಟ್ಟಿಯನ್ನು ಡಾಕ್ಟರ ಮೇಜಿನ ಮೇಲೆ ಬೋರಲು ಹಾಕಿದಾಗ ಮಾತ್ರೆಯ ಪಟ್ಟಿಗಳು ಸಂತೆಯಲ್ಲಿ ಸುರಿದ ಹುರುಳಿಕಾಯಿಯ ಹಾಗೆ ಹರಡಿಕೊಂಡವು. ಕೆಮ್ಮಿನ ಸಿರಪ್ಪಿನ ಬಾಟಲಿಯೊಂದು ಉರುಳಿ ಕೆಳಗೆ ಬಿತ್ತು. ಎಣಿಸಿದರೆ ಅರವತ್ತೊಂದು ಬಗೆ.

ಡಾಕ್ಟರು ಅದರೊಳಗಿಂದ ನೀಲಿ ಬಣ್ಣದ ಚಿಕ್ಕ ಡಬ್ಬಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದರು. ಗಂಡಸರು ಔಷಧಿ ಅಂಗಡಿಯಲ್ಲಿ ಬೇರೆ ಗಿರಾಕಿಗಳು ಹೋಗುವ ತನಕ ಕಾದು ಕೇಳುವಂಥ ಮಾತ್ರೆ ಅದು.

"ಹಗ್ಗಾ, ಇದನ್ನ ಯಾರು ತಗೋತಾರೆ?"

"ನಾನೇ ಒಂದ್ಸಲ ತಗೊಂಡಿದ್ದೆ ಮಗಳೇ. ಉಸ್ತಾದ್ ವಗ್ದಿ ಕೊಟ್ಟಿದ್ದು. ಶಕ್ತಿ ಬರುತ್ತೆ ಅಂದ್ರು. ಮಂಡಿಗೇನೂ ಬರ್ಲಿಲ್ಲ."

ಉಸ್ತಾದ್ ವಗ್ದಿ ಪಕ್ಕದ ಕುರ್ಚಿಯಲ್ಲೇ ಇದ್ದರು. ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದ, ಶುಕ್ರವಾರ ತಪ್ಪದೆ ಟೈ ಕಟ್ಟುವ ವಿಧುರರು. ಹಗ್ಗಾರನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಮಹಡಿ ಇಳಿಸಿ ತಂದ ನಾಲ್ವರಲ್ಲಿ ಅವರೂ ಒಬ್ಬರು. ಈಗ ಗೋಡೆಯ ಮೇಲಿದ್ದ ಹಸುಗೂಸುಗಳ ಲಸಿಕೆಯ ಪಟ್ಟಿಯನ್ನು ಪರೀಕ್ಷೆಗೆ ಓದುವವರಂತೆ ಮೊದಲಿಂದ ಕೊನೆಯವರೆಗೆ ಓದತೊಡಗಿದರು. ಕಿವಿ ಮಾತ್ರ ಕೆಂಪಾಗಿತ್ತು.

"ಅವಸರಕ್ಕೆ ಕೊಟ್ಟಿದ್ದು," ಎಂದರು ಗೋಡೆಗೆ.

ಅಲೆಕ್ಸಾಂಡ್ರಿಯಾದ ಅನ್ಫೂಶಿಯಲ್ಲಿ, ಸಮುದ್ರಕ್ಕೆ ಬೆನ್ನು ಹಾಕಿ ನಿಂತ ನಮ್ಮ ಕಟ್ಟಡದಲ್ಲಿ ಲಿಫ್ಟಿಲ್ಲ, ಎಂಬತ್ತನಾಲ್ಕು ಮೆಟ್ಟಿಲುಗಳಿವೆ. ಶಾಲೆಯಲ್ಲಿ ಪಾಠ ಹೇಳುವ, ಎಲ್ಲರ ಬಾಯಲ್ಲಿ 'ಟೀಚರಮ್ಮ' ಆದ ನಾನು ಮೂರನೆಯ ಮಹಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇದ್ದೇನೆ. ನನ್ನ ತಲೆಯ ಮೇಲೆ ಹಗ್ಗಾ ಇನ್ಶಿರಾಹ್. ಮೆಕ್ಕಾಗೆ ಹೋಗಿ ಬಂದ ಹೆಂಗಸನ್ನು ಇಲ್ಲಿಯವರು 'ಹಗ್ಗಾ' ಎನ್ನುತ್ತಾರೆ. ಆಕೆಯ ಕೈಯಲ್ಲಿ ಸದಾ ಬುಟ್ಟಿಯ ಹಗ್ಗ ಇರುತ್ತಿದ್ದುದರಿಂದ ನನ್ನ ಕನ್ನಡದ ಕಿವಿಗೆ ಆ ಹೆಸರು ಎರಡು ಸಲ ಒಪ್ಪುತ್ತಿತ್ತು.

ಮೂವತ್ತೊಂದು ವರ್ಷ ಆಕೆ ಟ್ರ್ಯಾಮಿನಲ್ಲಿ ಟಿಕೆಟ್ ಹರಿದವರು. ಚಿಕ್ಕಂದಿನಲ್ಲಿ ಬಂದ ಒಂದು ಜ್ವರ ಹೃದಯದ ಕವಾಟವನ್ನು ಕೆಡಿಸಿತ್ತು. ಹದಿನೆಂಟು ವರ್ಷದ ಹಿಂದೆ ಅದನ್ನು ತೆಗೆದು ಲೋಹದ ಕವಾಟ ಹಾಕಿದರು. ಮಧ್ಯಾಹ್ನ ಬೀದಿ ತಣ್ಣಗಿದ್ದಾಗ ಪಕ್ಕದಲ್ಲಿ ಕೂತರೆ ಅದರ ಸದ್ದು ಕೇಳುತ್ತದೆ. ಟಿಕೆಟ್ಟು ಹೋಯಿತು, 'ಟಿಕ್' ಎದೆಯಲ್ಲಿ ಉಳಿಯಿತು ಎಂದು ನಾನು ತಮಾಷೆ ಮಾಡುತ್ತಿದ್ದೆ. ಆ ಲೋಹದಲ್ಲಿ ರಕ್ತ ಹೆಪ್ಪುಗಟ್ಟದಿರಲು ದಿನವೂ ಒಂದು ಮಾತ್ರೆ ನುಂಗಿ ರಕ್ತವನ್ನು ತೆಳುವಾಗಿ ಇಟ್ಟುಕೊಳ್ಳಬೇಕು. ಅಷ್ಟರಲ್ಲಿ ಕಾಲು ಕೈಕೊಟ್ಟಿತು. ಬಲಮಂಡಿಯ ಮೂಳೆಗೆ ಮೂಳೆ ಉಜ್ಜಿ, ಆರು ವರ್ಷದಿಂದ ಆಕೆ ಮನೆಯ ಹೊಸ್ತಿಲು ದಾಟುವುದು ಎರಡು ತಿಂಗಳಿಗೊಮ್ಮೆ ಹೃದಯದ ಡಾಕ್ಟರಲ್ಲಿಗೆ, ಅದೂ ಕುರ್ಚಿಯಲ್ಲಿ ಕೂತು ನಾಲ್ಕು ಜನರ ಹೆಗಲ ಮೇಲೆ.

ಉಳಿದದ್ದೆಲ್ಲ ಬುಟ್ಟಿಯ ಕೆಲಸ. ಬಾಲ್ಕನಿಯಿಂದ ಬುಟ್ಟಿ ಇಳಿಯುತ್ತದೆ, ರೊಟ್ಟಿ ಏರುತ್ತದೆ. ಮೂರನೆಯ, ಎರಡನೆಯ, ಒಂದನೆಯ ಮಹಡಿಗಳ ಮುಂದೆ ಹಾದುಹೋಗುವ ಬುಟ್ಟಿಗೆ ನಾವೂ ಕೈಹಾಕುತ್ತಿದ್ದೆವು. ಯಾರದೋ ಗಂಟಲು ವಾಸಿಯಾದ ಮೇಲೆ ಉಳಿದ ಮಾತ್ರೆ, ಯಾರದೋ ಸೊಂಟದ್ದು, ಯಾರದೋ ಹಲ್ಲಿನದು. ಎಸೆಯಲು ಮನಸ್ಸು ಬಾರದ್ದೆಲ್ಲ ಬುಟ್ಟಿಯೊಳಗೆ ಮೇಲೇರುತ್ತಿತ್ತು. ಬೇಕಾದವರು ಬಾಲ್ಕನಿಯಿಂದ ಕೂಗಿದರೆ ಅದೇ ಬುಟ್ಟಿಯಲ್ಲಿ ಕೆಳಗಿಳಿಯುತ್ತಿತ್ತು. ಹೀಗೆ ಹಗ್ಗಾ ಇಡೀ ಕಟ್ಟಡವನ್ನು ಬುಟ್ಟಿಗೆ ಹಾಕಿಕೊಂಡಿದ್ದರು.

ಬುಟ್ಟಿಗೆ ಬೀಳದವನು ಒಬ್ಬನೇ: ಕೆಳಗಿನ ಅಂಗಡಿಯ ಮಾರೂಫ್. ಹೆಸರಿಗೆ ತಕ್ಕಂತೆ ಮಾರುವವನು, ಮಾರುವುದು ಮೀನು. ತಾನು ಕೆಳಗೆ ಬರಲಾರೆನೆಂದು ಗೊತ್ತಿದ್ದೇ ಅವನು ಹಳಸಿದ್ದನ್ನೆಲ್ಲ ಬುಟ್ಟಿಗೆ ತುಂಬುತ್ತಾನೆ ಎಂಬುದು ಹಗ್ಗಾರ ಆರು ವರ್ಷಗಳ ದೂರು. ಗುರುವಾರ ಮಧ್ಯಾಹ್ನ ಬೀದಿಗೆಲ್ಲ ಇದು ಪುಕ್ಕಟೆ ನಾಟಕ.

"ಮಾರೂಫ್! ಈ ಮೀನು ಸತ್ತು ಎಷ್ಟು ದಿನ ಆಯ್ತೋ?"

"ಬೆಳಿಗ್ಗೆ ನನ್ನ ಜೊತೆ ಮಾತಾಡ್ತಿತ್ತು ಹಗ್ಗಾ!"

"ನಿನ್ನ ಅಜ್ಜನ ಸುದ್ದಿ ಹೇಳಿರುತ್ತೆ ಬಿಡು, ಇಬ್ರೂ ಒಂದೇ ಕಾಲದವ್ರು!"

ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆಗೆ ಹೆಸರು ಬರೆಸಿದಾಗ ಯಾಕೆ, ಏನು ಎಂದು ಕೇಳಿದವರಿಗೆಲ್ಲ ಆಕೆ ಹೇಳಿದ್ದು ಒಂದೇ ಮಾತು. "ನನ್ನ ಕಾಲ ಮೇಲೆ ನಾನು ಕೆಳಗೆ ಹೋಗ್ಬೇಕು. ಅವನ ಕಣ್ಣೆದುರಿಗೇ, ಮೀನಿನ ಕಣ್ಣು ನೋಡಿ, ನನ್ನ ಮೀನು ನಾನೇ ಆರಿಸ್ಬೇಕು." ಮಂಡಿ ಸರಿಯಾದರೆ ಮೀನಿನ ಮಂಡಿಗೆ. ಇಷ್ಟೇ ಆಸೆ.

ಅದಕ್ಕೆ ಅಡ್ಡ ನಿಂತದ್ದು ಆ ಅರವತ್ತೊಂದು ಬಗೆ.

ಡಾಕ್ಟರು ನಿವೀನ್ ನಾಲ್ಕನ್ನು ಒಂದು ಕಡೆ ಇಟ್ಟು ಉಳಿದ ಐವತ್ತೇಳನ್ನು ಇನ್ನೊಂದು ಕಡೆಗೆ ತಳ್ಳಿದರು. ಆಮೇಲೆ ಆ ರಾಶಿಯಿಂದಲೇ ಮೂರು ಪಟ್ಟಿ ಹೆಕ್ಕಿ ಸಾಲಾಗಿ ಜೋಡಿಸಿದರು. ಒಂದು ಹಳದಿ, ಒಂದು ಕಿತ್ತಳೆ, ಒಂದು ಬಿಳಿ.

"ಇವನ್ನ ಹೇಗೆ ತಗೋತೀರಿ?"

"ಬೆಳಿಗ್ಗೆ ಹಳದಿ, ಅದು ಮೊದಲ್ನೇ ಮಹಡಿದು. ಮಧ್ಯಾಹ್ನ ಕಿತ್ತಳೆ, ಟೀಚರಮ್ಮಂದು. ಸಂಜೆ ಬಿಳೀದು. ಒಂದನ್ನೇ ತಗೊಂಡ್ರೆ ಕೆಟ್ಟದ್ದು ಅಂತ ಬದಲಾಯಿಸ್ತೀನಿ. ನಾನೇನು ದಡ್ಡಿ ಅಲ್ಲ."

"ಮೂರೂ ಒಂದೇ ಹಗ್ಗಾ. ಕಂಪನಿ ಬೇರೆ, ಡಬ್ಬಿ ಬೇರೆ, ಒಳಗಿರೋ ನೋವಿನ ಔಷಧಿ ಒಂದೇ. ಅದನ್ನೇ ಮೂರು ಪಟ್ಟು ನುಂಗ್ತಿದೀರಿ. ರಕ್ತ ತೆಳು ಮಾಡೋ ಮಾತ್ರೆ ಜೊತೆ ಇದು ಸೇರಿದ್ರೆ ಹೊಟ್ಟೆಯೊಳಗೇ ರಕ್ತ ಸೋರುತ್ತೆ. ಸಾಲದ್ದಕ್ಕೆ ಮೈಯಲ್ಲಿ ನೀರು ನಿಲ್ಲಿಸಿ ಹೃದಯಕ್ಕೆ ಭಾರ ಮಾಡುತ್ತೆ. ಕಾಲು ಊದಿರೋದು ನೋಡಿ."

ಹಗ್ಗಾ ತಮ್ಮ ಪಾದ ನೋಡಿಕೊಂಡರು. "ಮಾರೂಫನ ಉಪ್ಪುಮೀನು ಅಂತ ಬೈದುಬಿಟ್ಟೆ," ಎಂದರು, ಪಶ್ಚಾತ್ತಾಪವೇನೂ ಇರಲಿಲ್ಲ.

ರಕ್ತದ ಪರೀಕ್ಷೆ ಇನ್ನೂ ಕೆಟ್ಟ ಸುದ್ದಿ ತಂದಿತು. ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ, ಮೂರರ ಆಸುಪಾಸಿನಲ್ಲಿರಬೇಕಾದ ಸಂಖ್ಯೆ ಆರಾಗಿತ್ತು. ಯಾರದೋ ಗಂಟಲಿನ ಮಾತ್ರೆಗಳನ್ನು 'ಹೇಗೂ ಇದೆಯಲ್ಲ' ಎಂದು ನುಂಗಿದ ಫಲ. ರಕ್ತ ನೀರಾಗಿತ್ತು. ಇಂಥ ಮೈಗೆ ಚಾಕು ಮುಟ್ಟಿಸುವಂತಿಲ್ಲ.

"ನಾಲ್ಕು ವಾರ ಟೈಮಿದೆ," ಎಂದರು ಡಾಕ್ಟರು. "ಹೃದಯದ ಡಾಕ್ಟರು ಈ ವರ್ಷ ಆಗಬಹುದು ಅಂದಿದಾರೆ. ಮುಂದಿನ ವರ್ಷದ ಮಾತು ಕೊಡಲ್ಲ ಅಂತಾನೂ ಅಂದಿದಾರೆ. ಈ ತಾರೀಖು ತಪ್ಪಿದ್ರೆ ನಿಮ್ಮ ಹೆಸರು ಪಟ್ಟಿಯ ಕೊನೆಗೆ ಹೋಗುತ್ತೆ. ಈ ನಾಲ್ಕು ಬಿಟ್ಟು ಬೇರೇನೂ ಬಾಯಿಗೆ ಹಾಕೋ ಹಾಗಿಲ್ಲ. ನೋವಿಗೆ ಜ್ವರದ ಮಾತ್ರೆ, ನಾನು ಹೇಳಿದಷ್ಟೇ. ಐಸ್ ಇಡಿ."

ಐವತ್ತೇಳು ಬಗೆಯನ್ನು ಔಷಧಿ ಅಂಗಡಿಗೆ ಕೊಟ್ಟುಬಂದೆವು. ಉಸ್ತಾದ್ ವಗ್ದಿ ತಮ್ಮ ನೀಲಿ ಡಬ್ಬಿಯನ್ನು ತಾವೇ ಕೊಟ್ಟುಬರುತ್ತೇನೆಂದರು. ಕೊಟ್ಟರೋ ಇಲ್ಲವೋ ಯಾರೂ ವಿಚಾರಿಸಲಿಲ್ಲ. ಐಸಿಗೆ ಮಾತ್ರ ಅಭಾವವಿರಲಿಲ್ಲ. ಸುದ್ದಿ ಕೇಳಿದ ಮಾರೂಫ್ ದಿನಕ್ಕೆರಡು ಸಲ ಮೀನಿನ ಐಸನ್ನು ಚೀಲದಲ್ಲಿ ಕಟ್ಟಿ ಬುಟ್ಟಿಗೆ ಹಾಕಿದ.

"ಐಸೂ ಹಳಸಿದೆ ಕಣೋ!" ಎಂದು ಮೇಲಿಂದ ಕೂಗು.

"ಮಂಡಿಗೆ ಇಡಿ ಹಗ್ಗಾ, ಮೂಗಿಗಲ್ಲ!" ಎಂದು ಕೆಳಗಿನಿಂದ ಉತ್ತರ.

ಔಷಧಿ ಕಳಿಸಬಾರದೆಂದು ತಿಳಿದ ಮೇಲೆ ಕಟ್ಟಡದ ಪ್ರೀತಿ ಬೇರೆ ದಾರಿ ಹುಡುಕಿತು. ಶಸ್ತ್ರಚಿಕಿತ್ಸೆಗೆ ಮೊದಲು ರಕ್ತ ಕೂಡಿಕೊಳ್ಳಲಿ ಎಂದು ಮೊದಲನೆಯ ಮಹಡಿಯ ಉಮ್ಮ್ ಆತಿಫ್ ಬೆಳ್ಳುಳ್ಳಿ ಒಗ್ಗರಣೆಯ ಮುಲೂಖಿಯಾ ಸೊಪ್ಪಿನ ಸಾರು ಕಳಿಸಿದಳು. ನಾನೂ ಕಳಿಸಿದೆ. ಎದುರು ಮನೆಯವರೂ ಕಳಿಸಿದರು. ವಾರವಿಡೀ ಬೆಳಿಗ್ಗೆ ಸಂಜೆ ಅದೇ. ಔಷಧಿಯ ಬಗ್ಗೆ ಡಾಕ್ಟರು ಎಷ್ಟು ಹೇಳಿದರೂ ಸೊಪ್ಪು ಹಾಕದಿದ್ದ ಹಗ್ಗಾ ಈಗ ಮಾತು ಕೇಳಿ ಮಾತ್ರೆ ಬಿಟ್ಟಿದ್ದರು. ಸೊಪ್ಪು ಹಾಕಿದ್ದು ನಾವು.

ಎರಡನೆಯ ವಾರ ಪರೀಕ್ಷೆ ಮಾಡಿದರೆ ಆರು ಇದ್ದದ್ದು ಒಂದೂವರೆಗೂ ಕೆಳಗೆ. ನಿವೀನ್ ಫೋನಿನಲ್ಲೇ ಕಿರುಚಿದರು.

"ಏನು ತಿಂದ್ರಿ?"

"ಸೊಪ್ಪು."

"ಎಷ್ಟು?"

"ಉಮ್ಮ್ ಆತಿಫ್‌ಗೆ ಬೇಜಾರಾಗದಷ್ಟು."

ಹಸಿರು ಸೊಪ್ಪು ಆ ಮಾತ್ರೆ ಮಾಡಿದ ಕೆಲಸವನ್ನು ಅಳಿಸಿ ಹಾಕುತ್ತದಂತೆ. ರಕ್ತ ಗಟ್ಟಿಯಾದರೆ ಲೋಹದ ಕವಾಟ ಕಚ್ಚಿಕೊಳ್ಳಬಹುದು. ಅಂದೇ ಆಸ್ಪತ್ರೆಗೆ ಬಂದು ಚುಚ್ಚುಮದ್ದು ಶುರುಮಾಡಿಸಬೇಕೆಂದರು. ಕುರ್ಚಿ, ನಾಲ್ಕು ಜನ, ಎಂಬತ್ತನಾಲ್ಕು ಮೆಟ್ಟಿಲು. ವಾಪಸು ಬಂದ ಮೇಲೆ ನಾನು ಆಕೆಯ ಪಕ್ಕದಲ್ಲಿ ಕೂತು ಎದೆಯ ಸದ್ದನ್ನು ಕೇಳುತ್ತಲೇ ಇದ್ದೆ. ತಮಾಷೆ ಬರಲಿಲ್ಲ. ನಾನು ಕಳಿಸಿದ ಸಾರೂ ಅದರಲ್ಲಿತ್ತಲ್ಲ.

"ಟೀಚರಮ್ಮ," ಎಂದರು ಹಗ್ಗಾ, ಎಂದಿಲ್ಲದ ಸಣ್ಣ ದನಿಯಲ್ಲಿ. "ಆರು ವರ್ಷದಿಂದ ನಾನು ಕೆಳಗೆ ಹೋಗಿಲ್ಲ. ನನ್ನನ್ನ ಕೆಳಗೆ ಒಯ್ದಿದಾರೆ. ಎರಡೂ ಬೇರೆ ಬೇರೆ. ಸೋಫಾನೂ ಹಾಗೇ ಒಯ್ತಾರೆ."

ಹಾಗೆನ್ನುತ್ತಲೇ ಆಕೆಗೆ ಏನೋ ಹೊಳೆಯಿತು. ಒಂದು ಹಳೆಯ ನೋಟ್‌ಬುಕ್ ತರಿಸಿ, ಕತ್ತರಿಸಿ, ಮೂರು ಬೆರಳಗಲದ ಚೀಟಿಗಳ ಕಟ್ಟು ಮಾಡಿದರು. ಒಂದೊಂದು ಚೀಟಿಗೆ ಒಂದೊಂದು ಹೊತ್ತು, ಒಂದೊಂದು ಮಾತ್ರೆ. ನುಂಗಿದ ಮೇಲೆ ಚೀಟಿ ಹರಿಯುವುದು. ಚೀಟಿಯಿಲ್ಲದ ಯಾವುದಕ್ಕೂ ಬಾಯೊಳಗೆ ಪ್ರವೇಶವಿಲ್ಲ. ಸೊಪ್ಪಿಗೂ ಚೀಟಿ: ಶುಕ್ರವಾರ ಒಂದು ಸೌಟು, ಅದೇ ಸೌಟು, ಹೆಚ್ಚಿಲ್ಲ ಕಡಿಮೆಯಿಲ್ಲ. ಉಮ್ಮ್ ಆತಿಫ್ ಇನ್ನೊಂದು ಬಟ್ಟಲು ಹಿಡಿದು ಖುದ್ದಾಗಿ ಮೇಲೆ ಬಂದಾಗ ಬಾಗಿಲಲ್ಲೇ ತಡೆ.

"ಟಿಕೆಟ್ ಎಲ್ಲಿ?"

"ಅಯ್ಯೋ ಹಗ್ಗಾ, ಒಂದು ತುತ್ತು! ನನ್ನ ಮೇಲಾಣೆ!"

"ಟಿಕೆಟ್ ಇಲ್ದೋರು ಮುಂದಿನ ಸ್ಟಾಪಲ್ಲಿ ಇಳೀರಿ."

ಮೂವತ್ತೊಂದು ವರ್ಷ ಅಲೆಕ್ಸಾಂಡ್ರಿಯಾದ ಕಾಲೇಜು ಹುಡುಗರನ್ನು ಸಂಭಾಳಿಸಿದ ದನಿ ಅದು. ಉಮ್ಮ್ ಆತಿಫ್ ಇಳಿದುಹೋದಳು.

ಮೂರನೆಯ ವಾರ ಪರೀಕ್ಷೆಯಲ್ಲಿ ಎರಡು ಮುಕ್ಕಾಲು. ನಿವೀನ್ ಬೈಯಲಿಲ್ಲ, ಅದೇ ದೊಡ್ಡ ಹೊಗಳಿಕೆ. ಶಸ್ತ್ರಚಿಕಿತ್ಸೆಗೆ ಐದು ದಿನ ಮುಂಚೆ ರಕ್ತದ ಮಾತ್ರೆ ನಿಲ್ಲಿಸಿ, ಅದರ ಬದಲಿಗೆ ಹೊಟ್ಟೆಗೆ ಚುಚ್ಚುಮದ್ದು. ಕವಾಟವೂ ಕಚ್ಚಬಾರದು, ಕಾಲು ಕೊಯ್ದಾಗ ರಕ್ತವೂ ಹರಿದುಹೋಗಬಾರದು. ಎರಡರ ನಡುವಿನ ತೂಗುಸೇತುವೆ. ಹಗ್ಗಾ ತಾವೇ ಹೊಟ್ಟೆಯ ಮಡಿಕೆ ಹಿಡಿದು, "ಇಷ್ಟು ವರ್ಷ ಬೆಳೆಸಿದ್ದು ಉಪಯೋಗಕ್ಕೆ ಬಂತು" ಎನ್ನುತ್ತ ಚುಚ್ಚಿಕೊಂಡರು. ಕೊನೆಯ ಚುಚ್ಚುಮದ್ದು ಹಿಂದಿನ ದಿನ ಬೆಳಿಗ್ಗೆ. ಶಸ್ತ್ರಚಿಕಿತ್ಸೆಯ ದಿನ ಮುಂಜಾನೆ ನೀರಿಳಿಸುವ ಮಾತ್ರೆಗೆ ರಜೆ. ಎದೆಬಡಿತದ ಮಾತ್ರೆಗೆ ಮಾತ್ರ ರಜೆಯಿಲ್ಲ, ಒಂದು ಗುಟುಕು ನೀರಿನಲ್ಲಿ. ಚೀಟಿ ಹರಿದು ನನ್ನ ಕೈಗಿಟ್ಟು ಒಳಗೆ ಹೋದರು. ಎರಡು ಗಂಟೆಯಲ್ಲಿ ಹೊಸ ಮಂಡಿಯೊಂದಿಗೆ ಹೊರಗೆ ಬಂದರು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಮರುದಿನ ಕಾಲಿಗೆ ಕೊಟ್ಟ ಅರಿವಳಿಕೆ ಇಳಿದ ಮೇಲೆ ಹೊಸ ತೊಡಕು ಶುರುವಾಯಿತು.

ನರ್ಸ್ ತಹಾನಿ ಹಾಳೆ ಹಿಡಿದು ಬಂದು ಕೇಳಿದಳು. "ಹಗ್ಗಾ, ನೋವು ಎಷ್ಟಿದೆ? ಸೊನ್ನೆಯಿಂದ ಹತ್ತರೊಳಗೆ ಹೇಳಿ."

"ಅಲ್ಹಮ್ದುಲಿಲ್ಲಾ."

"ಅದು ಸರಿ. ಎಷ್ಟು?"

"ದೇವರು ಕೊಟ್ಟಿದ್ದಕ್ಕೆ ಅಲ್ಹಮ್ದುಲಿಲ್ಲಾ, ಮಗಳೇ."

ತಹಾನಿ ಸೊನ್ನೆ ಬರೆದಳು. ಮಧ್ಯಾಹ್ನವೂ ಸೊನ್ನೆ. ಸಂಜೆಯೂ ಸೊನ್ನೆ. ಹೇಗಿದ್ದೀರಿ ಎಂದು ಕೇಳಿದರೆ ಇಲ್ಲಿ 'ದೇವರಿಗೆ ಸ್ತುತಿ' ಎಂಬ ಈ ಮಾತು ಬಿಟ್ಟು ಬೇರೆ ಉತ್ತರವೇ ಇಲ್ಲ. ಮನೆ ಬಿದ್ದರೂ ಅದೇ, ಮಗು ಹುಟ್ಟಿದರೂ ಅದೇ. ಸೊನ್ನೆಗೆ ಔಷಧಿ ಎಷ್ಟು? ಸೊನ್ನೆಯಷ್ಟೇ. ಮೂರನೆಯ ದಿನ ಕಾಲು ಮಡಿಸಲು ಬಂದ ವ್ಯಾಯಾಮದವನು ಮುಟ್ಟಿದ್ದೇ ಆಕೆ ಮಂಚದ ಸರಳು ಹಿಡಿದು, ತುಟಿ ಕಚ್ಚಿ, ಅಲ್ಹಮ್ದುಲಿಲ್ಲಾ ಎಂದರು. ಕಾಲು ಒಂದಂಗುಲವೂ ಮಡಿಯಲಿಲ್ಲ. ಎದೆಬಡಿತ ನೂರ ಹದಿನೆಂಟು.

ನಿವೀನ್ ಹಾಳೆಯನ್ನೂ ಯಂತ್ರವನ್ನೂ ನೋಡಿದರು. "ಬಾಯಿ ಸೊನ್ನೆ ಅನ್ನುತ್ತೆ, ಹೃದಯ ಹತ್ತು ಅನ್ನುತ್ತೆ. ಹಗ್ಗಾ, ಈ ನೋವು ನಿಮ್ಮ ಹೃದಯವನ್ನ ಓಡಿಸ್ತಿದೆ. ಕಾಲು ಮಡಿಯದೆ ಹೀಗೇ ಮಲಗಿದ್ರೆ ಮಂಡಿ ಮರದ ತುಂಡಾಗುತ್ತೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಮೆಟ್ಟಿಲು ಮರೆತುಬಿಡಿ. ಎಷ್ಟು ನೋವು ಅಂತ ನಮಗೆ ಗೊತ್ತಾಗ್ಬೇಕು. ಕಡಿಮೆ ಕೊಟ್ರೂ ಕಷ್ಟ, ನಿಮ್ಮ ಹೃದಯಕ್ಕೆ ಜಾಸ್ತಿ ಕೊಟ್ರೂ ಕಷ್ಟ."

ಹಗ್ಗಾ ಮುಖ ತಿರುಗಿಸಿದರು. "ಎರಡು ಸಲ ಬದುಕಿಸಿದ ದೇವರ ಮೇಲೆ ದೂರು ಹೇಳು ಅಂತೀಯಾ? ನಾಲಿಗೆ ಬರಲ್ಲ ಮಗಳೇ."

ಆಗ ತಹಾನಿ ಮುಂದೆ ಬಂದಳು. ಅವಳು ರಶೀದ್ ಎಂಬ ಬಂದರಿನ ಊರಿನ ಬೆಸ್ತರ ಮಗಳು. ಮೂರು ದಿನದಿಂದ ಹಗ್ಗಾರ ಬಾಯಲ್ಲಿ ಮಾರೂಫನ ಪುರಾಣ ಕೇಳಿಸಿಕೊಂಡಿದ್ದಳು.

"ದೇವರ ವಿಷಯ ಬಿಡಿ ಹಗ್ಗಾ. ಮೀನಿನ ವಿಷಯ ಹೇಳಿ. ಈಗ ತಾನೇ ಬಲೆಯಿಂದ ತೆಗೆದದ್ದು ಸೊನ್ನೆ. ನಿಮ್ಮ ಮಾರೂಫ್ ಗುರುವಾರ ಕಳಿಸ್ತಾನಲ್ಲ, ಅದು ಹತ್ತು. ಇವತ್ತು ನಿಮ್ಮ ಮಂಡಿ ಯಾವ ಮೀನು?"

ಹಗ್ಗಾ ಅವಳನ್ನೇ ನೋಡಿದರು. ಆಮೇಲೆ ಮೂರು ದಿನದಿಂದ ತಡೆದಿಟ್ಟದ್ದೆಲ್ಲ ಒಮ್ಮೆಗೇ ಹೊರಗೆ ಬಂತು.

"ಗುರುವಾರದ್ದಾ? ಗುರುವಾರದ್ದನ್ನ ಭಾನುವಾರದ ತನಕ ಬಿಸಿಲಲ್ಲಿಟ್ಟಿದ್ದು! ಬೆಕ್ಕು ಮೂಸಿ ನೋಡಿ ಪೊಲೀಸರನ್ನ ಕರೆಯೋವಂಥದ್ದು!"

ಕಣ್ಣಲ್ಲಿ ನೀರು ಬಂತು. ಅದು ನಗುವಿನದೋ ನೋವಿನದೋ ಎಂದು ವಿಂಗಡಿಸಲು ಯಾರಿಗೂ ಬಿಡುವಿರಲಿಲ್ಲ. ನಿವೀನ್ ಆಗಲೇ ಔಷಧಿ ಬರೆಯುತ್ತಿದ್ದರು. ಹೊಟ್ಟೆಯಲ್ಲಿ ರಕ್ತ ಸೋರಿಸುವ ಹಳದಿ, ಕಿತ್ತಳೆ, ಬಿಳಿಯ ಕುಲದವನ್ನು ಬಿಟ್ಟು, ಹೊತ್ತುಹೊತ್ತಿಗೆ ಜ್ವರದ ಮಾತ್ರೆ, ಮೇಲೆ ಅಳತೆಯಿಟ್ಟು ಸ್ವಲ್ಪ ಸ್ವಲ್ಪವೇ ಬಲವಾದದ್ದು. ತಹಾನಿ ನಾಲ್ಕು ಗಂಟೆಗೊಮ್ಮೆ ಬಂದು ಕೇಳಿದಳು, ಬರೆದಳು. ದೇವರ ಮೇಲೆ ದೂರು ಹೇಳಬಾರದು. ಮಾರೂಫನ ಮೇಲೆ ಎಷ್ಟು ಬೇಕಾದರೂ ಹೇಳಬಹುದು.

"ಹಗ್ಗಾ, ಮೀನು?"

"ನಿನ್ನೆ ಬೆಳಗಿನ ಬಂಗುಡೆ."

"ಆರು." ಔಷಧಿ ಕೊಟ್ಟು, ಒಂದು ಗಂಟೆ ಬಿಟ್ಟು ಮತ್ತೆ ಬಂದಳು. "ಈಗ?"

"ಇವತ್ತಿಂದೇ, ಆದ್ರೆ ಐಸ್ ಇಲ್ಲ."

"ನಾಲ್ಕು. ಕಾಲು ಮಡಿಸೋಣ್ವಾ?"

ಕಾಲು ಮಡಿಯಿತು. ಎದೆಬಡಿತ ಎಂಬತ್ತಕ್ಕೆ ಇಳಿಯಿತು. ರಕ್ತದ ಮಾತ್ರೆ ಮತ್ತೆ ಶುರುವಾಗಿ, ಸಂಖ್ಯೆ ಮೂರರ ಹತ್ತಿರ ಬರುವ ತನಕ ಚುಚ್ಚುಮದ್ದು ಅದರ ಕೈಹಿಡಿದು ನಡೆಸಿತು. ನೋಡಲು ಬಂದ ನೆಂಟರೊಬ್ಬರು ಕೈಚೀಲದಿಂದ ಒಂದು ಪಟ್ಟಿ ತೆಗೆದು, "ವಲ್ಲಾಹಿ, ದೇವರಾಣೆಗೂ ನಮ್ಮತ್ತೆ ಇದನ್ನ ತಗೊಂಡು ಕುಣಿದುಬಿಟ್ರು" ಎಂದರು. "ಇಲ್ಲಿ ಕುಣಿಯೋ ಹಾಗಿಲ್ಲ, ನಡೆದರೆ ಸಾಕು" ಎಂದು ಹಗ್ಗಾ ಪಟ್ಟಿಯನ್ನು ಮತ್ತೆ ಅವರ ಚೀಲಕ್ಕೇ ತುರುಕಿದರು. ಮುಂದಿನ ಮಂಚದ ಹೆಂಗಸೂ ಅಷ್ಟರಲ್ಲಿ ತನ್ನ ಸೊಂಟವನ್ನು ಮೀನಿನಲ್ಲೇ ಅಳೆಯತೊಡಗಿದ್ದಳು. ಬೆಳಗಿನ ರೌಂಡ್ಸಿಗೆ ಬಂದ ದೊಡ್ಡ ಸರ್ಜನ್ನರು ಹಾಳೆಯ ಅಂಚಿನಲ್ಲಿ 'ಬಂಗುಡೆ' ಎಂದು ಓದಿ ಕನ್ನಡಕ ಒರೆಸಿಕೊಂಡರು.

ಹತ್ತು ವಾರಗಳ ನಂತರದ ಒಂದು ಗುರುವಾರ ಬೆಳಿಗ್ಗೆ ಹಗ್ಗಾ ಇನ್ಶಿರಾಹ್ ಬಾಗಿಲು ತೆರೆದು, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಕಟಕಟೆ ಹಿಡಿದು ಇಳಿಯತೊಡಗಿದರು. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದಿತ್ತು. ಉಸ್ತಾದ್ ವಗ್ದಿ ಟೈ ಕಟ್ಟಿಕೊಂಡು ಎರಡು ಮೆಟ್ಟಿಲು ಮುಂದೆ ಇಳಿಯುತ್ತಿದ್ದರು, ಬಿದ್ದರೆ ಹಿಡಿಯಲು. "ನನ್ನ ದಾರಿಗಡ್ಡ ನಿಲ್ಬೇಡಿ ಉಸ್ತಾದ್, ನೀವು ಬಿದ್ರೆ ಹಿಡಿಯೋ ಶಕ್ತಿ ನನಗಿಲ್ಲ." ಉಮ್ಮ್ ಆತಿಫ್ ಹರ್ಷದ ಉಲಿ ಹೊರಡಿಸಿದಳು. ಎಂಬತ್ತನಾಲ್ಕು ಮೆಟ್ಟಿಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ಬೀದಿಗೆ ಕಾಲಿಟ್ಟಾಗ ಆಕೆ ತಿರುಗಿ ನಿಂತು ಮೇಲೆ ತಮ್ಮ ಬಾಲ್ಕನಿಯನ್ನು ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

ಮಾರೂಫ್ ಏಪ್ರನ್ ಬದಲಿಸಿಕೊಂಡಿದ್ದ. ಬೆಳಗಿನ ದೋಣಿಯ ಮೀನನ್ನೆಲ್ಲ ಹಲಗೆಯ ಮೇಲೆ ಸಾಲಾಗಿ, ತಲೆ ಈ ಕಡೆಗೆ ಮಾಡಿ ಜೋಡಿಸಿ, ಯಾವ ಗಿರಾಕಿಗೂ ಮುಟ್ಟಲು ಬಿಟ್ಟಿರಲಿಲ್ಲ. ಬೀದಿಯೇ ಸುತ್ತ ನೆರೆಯಿತು. ಹಗ್ಗಾ ಕೋಲನ್ನು ನನಗೆ ಕೊಟ್ಟು ಬಗ್ಗಿದರು. ಒಂದೊಂದು ಮೀನಿನ ಕಣ್ಣನ್ನೂ ನೆಟ್ಟ ನೋಟದಿಂದ ನೋಡಿದರು. ಹೆಬ್ಬೆರಳಿನಿಂದ ಕಿವಿರು ಬಿಡಿಸಿ ಅದರೊಳಗೆ ಇಣುಕಿದರು. ಒಂದನ್ನು ಎತ್ತಿ ಸೂರ್ಯನಿಗೆ ಹಿಡಿದರು, ತಿರುಗಿಸಿದರು, ಇಟ್ಟರು. ಸಾಲಿನ ಕೊನೆಯವರೆಗೆ ಹೋಗಿ ಮತ್ತೆ ಮೊದಲಿಗೆ ಬಂದರು.

ಮಾರೂಫ್ ಎದೆಯ ಮೇಲೆ ಕೈಯಿಟ್ಟುಕೊಂಡು, ತೀರ್ಪಿಗೆ ಕಾದವನ ದನಿಯಲ್ಲಿ ಕೇಳಿದ. "ಹೇಳಿ ಹಗ್ಗಾ, ಎಲ್ಲರೆದುರಿಗೇ ಹೇಳಿ. ಹೇಗಿದೆ ನನ್ನ ಮೀನು?"

"ನನಗೇನು ಗೊತ್ತೋ ಮಗಾ," ಎಂದರು ಹಗ್ಗಾ. "ಕನ್ನಡಕ ಮೇಲೇ ಬಿಟ್ಟು ಬಂದಿದೀನಿ."